ಹೈಟಿ ನಾಟಕದ ಆಯೇರ

ಮೂರನೆಯ ಸಾಲಿನಿಂದ ಅಪ್ಪ ಎದ್ದದ್ದನ್ನು ಓಂಕಾರ ಪರದೆಯ ಸಂದಿನಿಂದ ನೋಡಿದ. ಎಂಬತ್ತು ದಾಟಿದ ಜೀವ, ಒಂದೂವರೆ ತಾಸಿನಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತದ್ದು, ಒಂದಕ್ಕೆ ಹೊರಟಿರಬೇಕು ಅಂದುಕೊಂಡ. ಆದರೆ ಶಿವಪುತ್ರಪ್ಪನವರು ಬಾಗಿಲ ಕಡೆ ತಿರುಗಲಿಲ್ಲ. ಬಗಲಲ್ಲೊಂದು ಕೈಚೀಲ ಅವಚಿಕೊಂಡು, ಸಾಲಿನವರ ಮೊಣಕಾಲುಗಳನ್ನೆಲ್ಲ ದಾಟಿ, ಧೋತರದ ಚುಂಗು ಎತ್ತಿ ಹಿಡಿದು ರಂಗದ ಮೆಟ್ಟಿಲು ಹತ್ತತೊಡಗಿದರು.

ರಂಗದ ಮೇಲೆ ಆಗ ಗುಲಾಮರ ದಂಗೆ ನಡೆದಿತ್ತು.

ದಂಗೆ ಕೆರಿಬಿಯನ್ ಸಮುದ್ರದ ಸೇಂಟ್ ಡೊಮಿಂಗ್ ಎಂಬ, ಈಗ ಹೈಟಿಯಾದ, ಫ್ರೆಂಚರ ವಸಾಹತಿನದು. ನಾಟಕದ ಹಾಲು ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ರೊಟೊಟೂನದ ಒಂದು ಶಾಲೆಯದು. ಸಂಜೆ ಕನ್ನಡ ಕೂಟದ ರಾಜ್ಯೋತ್ಸವದ್ದು. ಕಬ್ಬಿನ ತೋಟ ತೋರಿಸಬೇಕಿತ್ತು, ಕಬ್ಬು ಸಿಕ್ಕಿರಲಿಲ್ಲ. ರಸ್ತೆ ಬದಿ ಬೆಳೆಯುವ ಟೋಯ್‌ಟೋಯ್ ಹುಲ್ಲಿನ ಗರಿಗಳನ್ನು ತಂದು ಬಕೆಟ್ಟುಗಳಲ್ಲಿ ನಿಲ್ಲಿಸಿದ್ದರು. ದೂರದಿಂದ ಹೂ ಬಿಟ್ಟ ಕಬ್ಬಿನಂತೆಯೇ ಕಾಣುತ್ತಿತ್ತು; ಹತ್ತಿರ ನಿಂತವರಿಗೆ ಸೀನು ಬರುತ್ತಿತ್ತು.

ನಾಟಕ ಬರೆದವನೂ ಆಡಿಸಿದವನೂ ಓಂಕಾರನೇ. ಹಗಲು ನಗರಸಭೆಯ ನೀರಿನ ಇಲಾಖೆಯಲ್ಲಿ ಎಂಜಿನಿಯರು. ಮಗಳು ಶ್ರೇಯಾ ಶಾಲೆಯ ಇತಿಹಾಸದ ಪ್ರಾಜೆಕ್ಟಿಗೆ ಹೈಟಿಯನ್ನು ಆರಿಸಿಕೊಂಡಿದ್ದಳು. ಅವಳ ಪುಸ್ತಕವನ್ನು ಊಟದ ಟೇಬಲ್ಲಿನಿಂದ ಎತ್ತಿಕೊಂಡವನು ಕೆಳಗಿಡಲಿಲ್ಲ. ಸಕ್ಕರೆಗಾಗಿ ಮನುಷ್ಯರನ್ನು ಅರೆದ ತೋಟಗಳು, ಆ ತೋಟಗಳಿಗೆ ಬೆಂಕಿಯಿಟ್ಟ ಗುಲಾಮರು, ಹತ್ತು-ಹನ್ನೆರಡು ವರ್ಷಗಳ ಕಾದಾಟ, ಕೊನೆಗೆ ನೆಪೋಲಿಯನ್ನನ ಸೈನ್ಯವನ್ನೇ ಸೋಲಿಸಿ ಕಟ್ಟಿಕೊಂಡ ಸ್ವತಂತ್ರ ದೇಶ. ಮುಧೋಳದ ಕಡೆಯ ಕಬ್ಬು ಬೆಳೆಯುವ ಗೌಡರ ಮನೆಯಲ್ಲಿ ಹುಟ್ಟಿದವನಿಗೆ ಇಷ್ಟು ದಿನ ಇದನ್ನು ಯಾರೂ ಹೇಳಿರಲಿಲ್ಲವಲ್ಲ ಎಂದು ಅವನಿಗೆ ಸಿಟ್ಟೇ ಬಂದಿತು. ಸಿಟ್ಟು ಬಂದಾಗ ಕೆಲವರು ಜಗಳಾಡುತ್ತಾರೆ, ಓಂಕಾರ ನಾಟಕ ಬರೆಯುತ್ತಿದ್ದ.

"ಹೈಟಿ ಯಾಕೆ ಸಾರ್? ನಮ್ಮ ಕಿತ್ತೂರು ಇಲ್ವಾ?" ಎಂದಿದ್ದಳು ಕೂಟದ ಅಧ್ಯಕ್ಷೆ, ಮೈಸೂರಿನ ಹರ್ಷಿಣಿ.

"ಕಿತ್ತೂರು ಎಲ್ಲಾರಿಗೂ ಗೊತ್ತೈತ್ರಿ ಮೇಡಮ್ಮಾರ."

"ಹೈಟಿ ಯಾರಿಗೂ ಗೊತ್ತಿಲ್ವಲ್ಲ ಸಾರ್, ಅದೇ ನನ್ನ ಕಷ್ಟ." ಆದರೂ ದಂಗೆಯ ಕರೆಗೆ ಊದಲು ದೇವರ ಮನೆಯ ಶಂಖ ತಂದುಕೊಟ್ಟಳು. "ನೆಲಕ್ಕಿಡಬೇಡಿ ಅಷ್ಟೆ. ಊದಿದೋರು ಯಾರು ಅಂತ ನನಗೆ ಹೇಳ್ಲೂಬೇಡಿ."

ಪಾತ್ರ ಹಂಚುವಾಗ ಎಲ್ಲರಿಗೂ ಫ್ರೆಂಚರಾಗುವ ಆಸೆ, ಕೋಟು ಚೆನ್ನಾಗಿತ್ತು. ಗುಲಾಮರ ಮುಖಕ್ಕೆ ಕಪ್ಪು ಬಳಿಯುವ ಮಾತು ಬಂದಾಗ ಶ್ರೇಯಾ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದಳು. ಆ ಮಾತು ಮತ್ತೆ ಬರಲಿಲ್ಲ. ತೋಟದ ಧಣಿಯ ಪಾತ್ರ ಓಂಕಾರನ ಗೆಳೆಯ, ದೂರದ ಬೀಗ, ಅಕೌಂಟೆಂಟ್ ಕೇದಾರನಿಗೆ ಹೋಯಿತು. ಧಣಿಗೆ ಬೇಕಾದ ಹೊಟ್ಟೆ ಅವನಿಗೆ ಮೊದಲೇ ಇತ್ತು. ಗುಲಾಮರ ನಾಯಕ ಜೋಸೆಫ್‌ನ ಪಾತ್ರ ದನದ ಡಾಕ್ಟರ್ ಮಂಜುನಾಥನಿಗೆ. ಅವನು ಬಾಯಿ ತೆರೆದರೆ ಮೈಕು ಬೇಕಾಗಿರಲಿಲ್ಲ.

ತಾಲೀಮು ಓಂಕಾರನ ಗರಾಜಿನಲ್ಲಿ. ಮೊದಲ ದಿನವೇ ಶಿವಪುತ್ರಪ್ಪನವರು ಒಳಗಿನಿಂದ ಕುರ್ಚಿ ತರಿಸಿಕೊಂಡು ಕೂತು, ಊರಿಂದ ಬಂದವರನ್ನು ಕೇಳುವುದನ್ನೆಲ್ಲ ಕೇಳಿದ್ದರು.

"ಯಾವೂರಾತು ತಮ್ಮಾ?"

ಮಂಜುನಾಥ ಊರ ಹೆಸರು ಹೇಳಿದ. ಓಂಕಾರನ ಊರಿನಿಂದ ಒಂದು ಹಳ್ಳ ದಾಟಿದರೆ ಸಿಗುವ ಊರು.

"ಹೌದಾ! ಯಾರ ಪೈಕಿ?"

"ಊರ ಹೊರಗಿನವ್ರು ರೀ ಅಜ್ಜಾರ. ನಮ್ಮ ಮುತ್ಯಾ ಅಲ್ಲಿ ದೊಡ್ಡಗೌಡ್ರ ಮನ್ಯಾಗ ಜೀತಕ್ಕಿದ್ದ. ದನಾ ಕಾಯಾಂವ." ಫೋನ್ ನಂಬರು ಹೇಳಿದಷ್ಟು ಸಲೀಸಾಗಿ ಹೇಳಿ ನಕ್ಕ. "ನಾನೂ ದನಾನ ನೋಡಾಂವ. ಪ್ರಮೋಷನ್ ಅಂದ್ರ, ಓಡಾಡಾಕ ಯೂಟ್ ಗಾಡಿ ಕೊಟ್ಟಾರ."

ಎಲ್ಲರೂ ನಕ್ಕರು. ಅಜ್ಜ "ಹಾಂ ಹಾಂ" ಅಂದು ಎಲೆಯಡಿಕೆ ಹುಡುಕಿದರು. ಓಂಕಾರನಿಗೆ ಮಾತ್ರ ಒಳಗೊಳಗೇ ಸಂತೋಷವಾಯಿತು. ನಾಯಕನ ಪಾತ್ರ ಸರಿಯಾದವನ ಕೈಗೇ ಹೋಯಿತು, ಅದೂ ಅಂಥದ್ದನ್ನೆಲ್ಲ ನೋಡದ ತನ್ನಂಥವನ ಕೈಯಿಂದ. ತಾನು ಅಂಥದ್ದೇನನ್ನೂ ನೋಡುವುದಿಲ್ಲ ಎಂಬುದನ್ನು ಅವನು ತಾಲೀಮಿನ ಆ ಎರಡು ತಿಂಗಳಲ್ಲಿ ಬಹಳ ಸಲ ನೋಡಿಕೊಂಡ.

ಈಗ ಮಂಜುನಾಥ ರಂಗದ ನಡುವೆ ಸರಪಳಿ ಕಿತ್ತೊಗೆದು ನಿಂತಿದ್ದ. ಸೆರೆ ಸಿಕ್ಕ ಧಣಿ ಕೇದಾರ ಮೊಣಕಾಲೂರಿದ್ದ. ಮಂಜುನಾಥ ಎರಡೂ ಮುಂಗೈಗಳನ್ನು ಸಭೆಯ ಕಡೆ ಚಾಚಿ, "ಈ ಕೈ ನೋಡಿರಿ. ಈ ಕೈ ನೆಟ್ಟ ಕಬ್ಬು, ಈ ಕೈ ಕಡಿದ ಕಬ್ಬು. ನಿಮ್ಮ ಚಹಾದಲ್ಲಿ ಕರಗಿದ್ದು ಸಕ್ಕರೆಯಲ್ಲ, ಈ ಕೈ" ಎಂದಿದ್ದ. ಗೋಡೆಯ ತೆರೆಯ ಮೇಲೆ ಶ್ರೇಯಾ ಮೂಡಿಸುತ್ತಿದ್ದ ಇಂಗ್ಲಿಷ್ ಅನುವಾದವೂ ಅಲ್ಲಿಗೇ ನಿಂತಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಧೋತರ ಕಾಣಿಸಿತು.

ಆಗ ಓಂಕಾರನಿಗೆ ಹೊಳೆಯಿತು: ಆಯೇರ.

ಊರ ಕಡೆ ನಾಟಕದಲ್ಲಿ ಪಾತ್ರ ಮನಸ್ಸಿಗೆ ಹಿಡಿಸಿದರೆ ಜನ ನಡುವೆಯೇ ಎದ್ದು ಬಂದು ನಟರಿಗೆ ಟಾವೆಲು, ಟೋಪಿ ಆಯೇರ ಮಾಡುತ್ತಾರೆ. ಮಾಡುವಷ್ಟು ಹೊತ್ತು ಭೀಮ ಗದೆ ಎತ್ತಿದವನು ಎತ್ತಿದಂತೆಯೇ ನಿಲ್ಲುತ್ತಾನೆ, ದುಶ್ಶಾಸನ ಸೀರೆ ಹಿಡಿದವನು ಹಿಡಿದಂತೆಯೇ. ಅದು ಮುಗಿದ ಮೇಲೆ ಕುರುಕ್ಷೇತ್ರ ಮುಂದುವರಿಯುತ್ತದೆ. ಹಾಲಿನ ಹಿಂದಿನ ಸಾಲುಗಳಿಂದ ಸಿಳ್ಳೆ ಬಿತ್ತು. ಬಾಗಲಕೋಟೆ ಕಡೆಯವರಿಗೆ ವರ್ಷಗಳ ಮೇಲೆ ಊರು ಕಂಡಂತಾಗಿತ್ತು.

ಶಿವಪುತ್ರಪ್ಪನವರು ಮೊದಲು ಕೇದಾರನ ಹತ್ತಿರ ಹೋದರು. ಸೆರೆಯಾಳಿನ ರಟ್ಟೆ ಹಿಡಿದು ಎಬ್ಬಿಸಿ, ಫ್ರೆಂಚ್ ಕೋಟಿನ ಮೇಲೆ ಟಾವೆಲು ಹೊದಿಸಿ, ತಲೆಗೆ ಬಿಳಿ ಟೋಪಿ ಇಟ್ಟು, ಬೆನ್ನು ಚಪ್ಪರಿಸಿ, ಎಳೆದು ಎದೆಗೊತ್ತಿಕೊಂಡರು. ಹಾಲು ನಗೆಯಲ್ಲಿ ಮುಳುಗಿತು. ಆಮೇಲೆ ಮಂಜುನಾಥನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು, ಓಂಕಾರನಿಗೆ ಅದು ಇಲ್ಲಿಂದಲೇ ಕಂಡಿತು. "ಭಾಳ ಛಲೋ ಮಾತಾಡಿದೆಪಾ. ನನ್ನ ಎದಿ ಒಡದ ಬಿಟ್ತು" ಅಂದರು.

ಚೀಲದಿಂದ ಇನ್ನೊಂದು ಟಾವೆಲು ತೆಗೆದರು. ಹೊದಿಸಲಿಲ್ಲ. ಮಂಜುನಾಥನ ಚಾಚಿದ ಕೈಗಳ ಮೇಲೆ, ಒಂದು ಗೇಣಿಗಿಂತ ತುಸು ಜಾಸ್ತಿ ಎತ್ತರದಲ್ಲಿ, ಅವರ ಕೈ ನಿಂತಿತು.

ಆ ಎತ್ತರ ಓಂಕಾರನಿಗೆ ಗೊತ್ತಿತ್ತು. ರೊಟ್ಟಿ ಬೀಳುವ ಎತ್ತರ ಅದು, ತಂಬಿಗೆಯಿಂದ ನೀರು ಬೀಳುವ ಎತ್ತರ. ಹಿತ್ತಿಲ ಬಾಗಿಲಲ್ಲಿ ಅವ್ವ, ಅಜ್ಜಿ, ತಾನು, ಎಲ್ಲರ ಕೈಯೂ ಅಷ್ಟಕ್ಕೇ ನಿಲ್ಲುತ್ತಿತ್ತು. ಯಾರೂ ಯಾರಿಗೂ ಅಳೆದು ಕೊಟ್ಟಿರಲಿಲ್ಲ. ಓಂಕಾರ ಪರದೆ ಸರಿಸಿ ಒಂದು ಹೆಜ್ಜೆ ಮುಂದಿಟ್ಟ. ಅಪ್ಪನ ಬೆರಳು ಬಿಚ್ಚಿದವು.

ಮಂಜುನಾಥ ಟಾವೆಲನ್ನೇ ನೋಡುತ್ತಿದ್ದ. ಅದು ಬರುತ್ತಿದ್ದಂತೆ, ಅವಸರವೇನೂ ಇಲ್ಲದೆ, ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡ. ಟಾವೆಲು ಇಬ್ಬರ ನಡುವೆ ಹಲಗೆಯ ಮೇಲೆ ಬಿತ್ತು. ಮಡಿಕೆ ಕೂಡ ಬಿಚ್ಚಲಿಲ್ಲ. ಆಮೇಲೆ ಅವನು ತಲೆಯೆತ್ತಿ, ನಾಟಕದಲ್ಲಿ ಮುಂದೆ ಯಾವ ಮಾತಿತ್ತೋ ಅದನ್ನೇ, ಓಂಕಾರ ಬರೆದದ್ದನ್ನೇ ಆಡಿದ.

"ಇನ್ನು ಈ ಕೈ ಯಾರ ಮುಂದೆಯೂ ಚಾಚುವುದಿಲ್ಲ."

ತೆರೆಯ ಮೇಲೆ ಇಂಗ್ಲಿಷ್ ಮೂಡಿತು. ಒಂದು ಕ್ಷಣ ಬಿಟ್ಟು ಹಾಲಿಗೆ ಹಾಲೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಬೆಂಗಳೂರಿನವರು, ಮೈಸೂರಿನವರು, ಸಮೋಸಾದ ಆಸೆಗೆ ಬಂದಿದ್ದ ನೆರೆಹೊರೆಯ ನ್ಯೂಜಿಲೆಂಡಿಗರು, ಎಲ್ಲರೂ. ಹಿಂದಿನ ಸಾಲುಗಳಲ್ಲಿ ಕೆಲವರು ಏಳಲಿಲ್ಲ. ಸಿಳ್ಳೆ ಹೊಡೆದಿದ್ದವರು ಅವರೇ. ಒಬ್ಬ ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡ, ಇನ್ನೊಬ್ಬ ಫೋನು ನೋಡಿಕೊಂಡ. ಶಿವಪುತ್ರಪ್ಪನವರು ಚಪ್ಪಾಳೆ ಯಾರಿಗೆಂದು ತಿಳಿಯದೆ ಸಭೆಗೊಮ್ಮೆ ಕೈಮುಗಿದು ಇಳಿದು ಹೋದರು. ಓಂಕಾರ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ. ಉಳಿದ ನಾಟಕವಿಡೀ ಗುಲಾಮರೂ ಸೈನಿಕರೂ ಆ ಟಾವೆಲನ್ನು ತುಳಿಯದೆ ಸುತ್ತುಹಾಕಿ ಓಡಾಡಿದರು.

ನಾಟಕ ಮುಗಿದು ಹೊರಗಿನ ಪಡಸಾಲೆಯಲ್ಲಿ ಚಹಾ ಸಮೋಸಾ ನಡೆದಾಗ ಶ್ರೇಯಾಳ ಇತಿಹಾಸದ ಟೀಚರ್ ಮಿಸ್ ಹೆರೆವಿನಿ ಜನರನ್ನು ಸರಿಸಿಕೊಂಡು ಬಂದು ಓಂಕಾರನ ಕೈ ಹಿಡಿದುಕೊಂಡರು. ಆ ನೆಲದ ಮೂಲನಿವಾಸಿ ಮಾವೊರಿ ಹೆಂಗಸು, ಕಿವಿಯಲ್ಲಿ ಹಸಿರು ಕಲ್ಲಿನ ಓಲೆ.

"ಆ ಬಟ್ಟೆ," ಅಂದರು ಇಂಗ್ಲಿಷಿನಲ್ಲಿ. "ಮುದುಕ ಅಳುತ್ತಾನೆ, ಪ್ರೀತಿಯಿಂದಲೇ ಕೊಡುತ್ತಾನೆ, ಆದರೆ ಮುಟ್ಟುವುದಿಲ್ಲ. ಇವನು ಕೈ ಹಿಂದೆಗೆಯುತ್ತಾನೆ. ನಮ್ಮ ಅಜ್ಜಿ ನೋಡಿದ್ದರೆ ಅವಳಿಗೆ ತೆರೆಯ ಮೇಲಿನ ಅನುವಾದ ಬೇಕಾಗುತ್ತಿರಲಿಲ್ಲ. ನಿಮಗೆ ಎಲ್ಲಿಂದ ಹೊಳೆಯಿತು ಇದು?"

ಈಗ ಹೇಳಬೇಕು, ಎಂದು ಓಂಕಾರನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಇದು ನನ್ನದಲ್ಲ, ಅವರು ನಟರಲ್ಲ, ನಮ್ಮಪ್ಪ. ನಾಲ್ಕು ಮಾತು. ಇಂಗ್ಲಿಷಿನಲ್ಲಂತೂ ಇನ್ನೂ ಸುಲಭ.

"ಅದು... ನಮ್ಮ ಕಡೆಯ ಒಂದು ಪದ್ಧತಿ," ಅಂದ.

"ಅದನ್ನು ಅಲ್ಲಿ ಇಟ್ಟಿರಲ್ಲ, ಅದು ನಿರ್ದೇಶಕನ ಕಣ್ಣು. ಆ ಹಿರಿಯರಂತೂ ಎಷ್ಟು ಸಹಜ!"

"ಥ್ಯಾಂಕ್ ಯೂ," ಅಂದ ಓಂಕಾರ.

ತಿರುಗಿದರೆ ಪಕ್ಕದಲ್ಲೇ ಮಂಜುನಾಥ ಕಾಗದದ ತಟ್ಟೆ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಚಟ್ನಿ ಯಾವ ಕಡೆ ಐತ್ರಿ ಸರ?" ಎಂದು ಕೇಳಿದ.

ಕಾರಿನಲ್ಲಿ ಶಿವಪುತ್ರಪ್ಪನವರು ಮುಂದೆ ಕೂತು ಸೀಟುಬೆಲ್ಟಿನೊಡನೆ ಗುದ್ದಾಡಿದರು. ಅವರ ಮನಸ್ಸಿಗೆ ನೋವಾಗಿತ್ತು.

"ಕೇದಾರ ಹೆಂಗ ತೊಗೊಂಡ ನೋಡು, ಮನಿತನದ ಹುಡುಗ. ಇಂವಾ ಕೈನ ಹಿಂದ ತೊಗೊಂಡ. ಖರೇ ಅಂದ್ರ ನಾ ಎದ್ದು ಹೋಗಿದ್ದ ಇವನ ಸಲುವಾಗಿ. ಇವನ ಮಾತಿಗೆ ನನಗ ಅಳು ಬಂದಿತ್ತು. ಮಹಾಲಿಂಗಪುರದಿಂದ ತಂದ ಹೊಸಾ ಟಾವೆಲ್ ಅದು."

ಹಿಂದಿನ ಸೀಟಿನಿಂದ ಶ್ರೇಯಾ, "ಅಜ್ಜಾ, ಯೂ ಡಿಡಂಟ್ ಟಚ್ ಹಿಮ್," ಎಂದಳು.

"ಏನಂತಾಳ ಕೂಸು?"

ಸಿಗ್ನಲ್ಲು ಕೆಂಪಿತ್ತು. ಕನ್ನಡಿಯಲ್ಲಿ ಮಗಳ ಕಣ್ಣು ತನ್ನನ್ನೇ ನೋಡುತ್ತಿದ್ದದ್ದು ಓಂಕಾರನಿಗೆ ಕಂಡಿತು. ಅವಳಿಗೆ ಕನ್ನಡ ಆಡಲು ಬಾರದು, ಆದರೆ ಒಂದಕ್ಷರ ಬಿಡದೆ ತಿಳಿಯುತ್ತದೆ.

"ನಾಟಕ ಛಲೋ ಆತು ಅಂತಾಳ್ರಿ ಅಪ್ಪಾ," ಅಂದ.

ಅಜ್ಜ ಸಮಾಧಾನಗೊಂಡು ತಲೆಯಾಡಿಸಿದರು. ಶ್ರೇಯಾ ಕಿವಿಗೆ ಹೆಡ್‌ಫೋನು ಹಾಕಿಕೊಂಡಳು. ಮನೆ ಮುಟ್ಟಿದ ಮೇಲೆ ಅವಳು ತನ್ನ ಚೀಲದಿಂದ ಆ ಟಾವೆಲನ್ನು ತೆಗೆದು, ಗರಾಜಿನಲ್ಲಿ ನಾಟಕದ ಸಾಮಾನಿನ ಮೇಲೆ ಇಟ್ಟು ಒಳಗೆ ಹೋದಳು.

ವಾರವಿಡೀ ಓಂಕಾರ ಮಂಜುನಾಥನಿಗೆ ಮೆಸೇಜು ಬರೆದ. 'ಕ್ಷಮಿಸಿರಿ' ಎಂದು ಬರೆದರೆ, ಯಾರ ಪರವಾಗಿ ಎಂಬ ಪ್ರಶ್ನೆ ಏಳುತ್ತಿತ್ತು. 'ಅಪ್ಪನವರು ಹಳೇ ಕಾಲದವರು' ಎಂದು ಬರೆದರೆ ತಾನು ಯಾವ ಕಾಲದವನು ಎಂಬುದು. ಅಳಿಸಿದ. ಫೋನು ಮಾಡಬೇಕೆಂದು ಹೆಸರಿನ ಮೇಲೆ ಬೆರಳಿಟ್ಟು, ಈಗ ಯಾವುದೋ ಹಸುವಿನ ಹೆರಿಗೆಯಲ್ಲಿರುತ್ತಾನೆ ಎಂದು ಬೆರಳು ತೆಗೆದ. ಸುತ್ತಲಿನ ವೈಕಾಟೊ ಸೀಮೆಯ ಹಸುಗಳು ಆ ವಾರ ಅವನ ಲೆಕ್ಕದಲ್ಲಿ ಹಗಲೂ ರಾತ್ರಿ ಹೆತ್ತವು.

ಇತ್ತ ಯಾರೋ ಫೋನಿನಲ್ಲಿ ಹಿಡಿದಿದ್ದ ಆ ದೃಶ್ಯ ಕೂಟದ ವಾಟ್ಸ್ಯಾಪಿನಿಂದ ಆಕ್ಲೆಂಡಿಗೆ ಹೋಗಿ, ಅಲ್ಲಿಯ ಕನ್ನಡದವರು ಸ್ಯಾಂಡ್ರಿಂಗಮ್ಮಿನ ಒಂದು ಹಾಲಿನಲ್ಲಿ ನಾಟಕ ಆಡಲು ಕರೆದರು. ಹರ್ಷಿಣಿ ಕುಣಿದಾಡಿಬಿಟ್ಟಳು. "ಸಾರ್, ಟವಲ್ ಸೀನ್ ಇರಲೇಬೇಕಂತೆ! ಅಂಕಲ್‌ಗೆ ಹೇಳಿ, ಸೇಮ್ ಟು ಸೇಮ್ ಮಾಡ್ಲಿ. ಏನ್ ಡೈರೆಕ್ಷನ್ ಸಾರ್ ಅದು, ನಮಗೂ ಹೇಳ್ದೆ ಇಟ್ಕೊಂಡಿದ್ರಲ್ಲ!"

ಗುಂಪಿನಲ್ಲಿ ಎಪ್ಪತ್ತು ಜನ ಚಪ್ಪಾಳೆಯ ಚಿತ್ರ ಹಾಕಿದರು. ಕೇದಾರ ಮಾತ್ರ ಓಂಕಾರನಿಗೆ ಬೇರೆಯಾಗಿ, "ಬ್ಯಾಡೋ ಮಾರಾಯಾ, ಏನರೆ ನೆವ ಹೇಳಿ ತಪ್ಪಿಸು" ಎಂದು ಬರೆದ. ಮಂಜುನಾಥ ಗುಂಪಿನಲ್ಲೇ ಬರೆದ: 'ರವಿವಾರ ಮಧ್ಯಾಹ್ನ ತಾಲೀಮಿಗೆ ಬರ್ತೀನಿ.'

ರವಿವಾರ ಯೂಟ್ ಬಂದು ನಿಂತಾಗ ಗರಾಜಿನ ಬಾಗಿಲು ತೆರೆದೇ ಇತ್ತು. ಮಂಜುನಾಥ ಯಾವುದೋ ಫಾರ್ಮಿನಿಂದ ನೇರ ಬಂದಿದ್ದ. ಹೊಸ್ತಿಲಲ್ಲಿ ನಿಂತು ಗಂಬೂಟು ಕಳಚತೊಡಗಿದ.

"ಬೂಟ್ ಇರ್ಲಿ, ಹಂಗ ಬರ್ರಿ, ಬರ್ರಿ," ಎಂದು ಓಂಕಾರ ಓಡಿ ಬಂದ. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು.

"ಸೆಗಣಿ ಐತ್ರಿ ಸರ. ಅಷ್ಟ." ಮಂಜುನಾಥ ಕಾಲುಚೀಲದಲ್ಲಿ ಒಳಗೆ ಬಂದ. "ಉಳದವರು?"

"ಇವತ್ತ ನಾವಿಬ್ರ. ನಾನ ಅವರಿಗೆ ಬ್ಯಾಡ ಅಂದೆ. ಮಂಜುನಾಥ್ರ, ನಾ ನಿಮಗ ಒಂದು ಮಾತು..."

ಮಂಜುನಾಥ ಕಾದ. ಓಂಕಾರನಿಗೆ ಆ ಒಂದು ಮಾತು ಸಿಗಲಿಲ್ಲ. ಎರಡು ತಿಂಗಳು ಫ್ರೆಂಚರ ಮೇಲೆ ಸುರಿದ ಮಾತುಗಳೆಲ್ಲ ಎಲ್ಲಿ ಹೋದವೋ. ಒಳಗಿನಿಂದ ಅಜ್ಜನ ಟೀವಿಯ ಸದ್ದು ಬರುತ್ತಿತ್ತು.

"ಆ ಸೀನ್ ತಗದ ಬಿಡೂಣ ಅಂತೀನಿ," ಎಂದ ಕೊನೆಗೆ.

"ತಗದ್ರ ಆಕ್ಲೆಂಡಿನವ್ರು ಯಾಕ ಅಂತ ಕೇಳ್ತಾರ. ಏನ ಹೇಳ್ತೀರಿ?"

ಓಂಕಾರ ಹುಲ್ಲಿನ ಬಕೆಟ್ಟೊಂದನ್ನು ಗೋಡೆಯ ಕಡೆ ಸರಿಸಿದ.

"ಹೇಳೂದಿದ್ರ ತಗೀರಿ. ನಂದೇನೂ ಇಲ್ಲ." ಮಂಜುನಾಥ ಬಕೆಟ್ಟಿನ ಒಣಗಿದ ಹುಲ್ಲಿನ ಗರಿಯೊಂದನ್ನು ಮುಟ್ಟಿ ನೋಡಿದ, ಧೂಳಿನಂತೆ ಉದುರಿತು. "ಹೇಳೂದಿಲ್ಲ ಅಂದ್ರ ಇರ್ಲಿ. ಆದ್ರ ಅಜ್ಜಾರು ಬ್ಯಾಡ್ರಿ. ಅವರಿಗೆ ತಾವೇನ ಮಾಡಿದ್ರು ಅಂತ ಗೊತ್ತಿಲ್ಲ. ವಯಸ್ಸಾದವ್ರನ್ನ ಕರಕೊಂಡ ಹೋಗಿ, ಗೊತ್ತಿಲ್ದ ಅವರನ್ನ ಕುಣಸೂದು ಛಲೋ ಅಲ್ಲ."

"ಮತ್ತ ಯಾರು? ಕೇದಾರ?"

"ಕೇದಾರಪ್ಪ ಕಟ್ಟಿ ಹಾಕಿಸ್ಕೊಂಡು ಕುಂತಿರ್ತಾರಲ್ರಿ." ಮಂಜುನಾಥ ಮೊದಲ ಸಲ ಅವನ ಮುಖ ನೋಡಿದ. "ಡೈರೆಕ್ಷನ್ ನಿಮ್ಮದು ಅಂತ ಹೇಳೀರಿ. ನೀವ ಮಾಡ್ರಿ."

ಇಲ್ಲ ಎಂದಿದ್ದರೆ ಆಗುತ್ತಿತ್ತು. ನನ್ನದಲ್ಲ, ಅವತ್ತು ಸುಳ್ಳು ಹೇಳಿದೆ, ಎಂದಿದ್ದರೂ ಆಗುತ್ತಿತ್ತು. ಅಂಥ ಮಾತುಗಳು ಬರುವ ಮೊದಲೇ, ಎದುರಿಗಿದ್ದವನು ಹೇಳಿದ ಕೆಲಸ ಮಾಡಿಬಿಡುವುದು ಸುಲಭವೆನಿಸಿ, ಓಂಕಾರ ಸಾಮಾನಿನ ಮೇಲಿನ ಟಾವೆಲನ್ನು ಎತ್ತಿಕೊಂಡ. ಯಾರೂ ಬಳಸದ ಹೊಸ ಬಟ್ಟೆಯ ಗಂಜಿಯ ವಾಸನೆ ಇನ್ನೂ ಇತ್ತು.

ಮಂಜುನಾಥ ಗರಾಜಿನ ನಡುವೆ ನಿಂತು ಎರಡೂ ಕೈ ಚಾಚಿದ. ಹಸುವಿನ ಹೊಟ್ಟೆಯೊಳಗೆ ಹೋಗಿ ಬಂದು, ಸೋಪು ಹಚ್ಚಿ ಮೊಣಕೈತನಕ ತಿಕ್ಕಿ ತೊಳೆದ ಕೈಗಳು. ಚರ್ಮ ಬೆಳ್ಳಗೆ ಒಣಗಿತ್ತು. ಅವನ್ನು ಓಂಕಾರ ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಮಾಡ್ರಿ."

ಓಂಕಾರ ಟಾವೆಲು ಹಿಡಿದ ಕೈಯನ್ನು ಮುಂದೆ ತಂದ. ಎಷ್ಟು ಎತ್ತಬೇಕೆಂದು ಮಂಜುನಾಥ ಹೇಳುತ್ತಾನೆ, ಇನ್ನೂ ಮೇಲೆ, ಇನ್ನೂ ಕೆಳಗೆ ಎಂದು ತಿದ್ದುತ್ತಾನೆ, ತಾನು ತಿಳಿಯದವನಂತೆ ಎರಡು ಮೂರು ಸಲ ತಪ್ಪುತ್ತೇನೆ, ಎಂದು ಅಂದುಕೊಂಡಿದ್ದ. ಕೈ ತಾನೇ ಏರಿತು. ಒಂದು ಕಡೆ ಬಂದು ತಾನೇ ನಿಂತಿತು.

ಮಂಜುನಾಥ ತನ್ನ ಅಂಗೈಗಳನ್ನು ನೋಡಿದ. ಆಮೇಲೆ ಮೇಲಿನ ಕೈಯನ್ನು. ಎರಡರ ನಡುವಿನ ಜಾಗವನ್ನು ಎಕ್ಸರೇ ನೋಡುವವನಂತೆ ಕಣ್ಣು ಕಿರಿದು ಮಾಡಿ ನೋಡಿದ.

"ಕರೆಕ್ಟ್ ಐತ್ರಿ ಸರ," ಅಂದ. "ಹಂಗ ಹಿಡಕೊಂಡಿರ್ರಿ. ನಾ ನಿಲ್ಲೂ ಜಾಗಾ ಗುರ್ತ ಮಾಡ್ಕೋತೀನಿ."

ಅವನು ಬಗ್ಗಿ ಕಿಸೆಯಿಂದ ನೀಲಿ ಟೇಪು ತೆಗೆದು, ಹಲ್ಲಿನಿಂದ ಕತ್ತರಿಸಿ, ಸಿಮೆಂಟು ನೆಲದ ಮೇಲೆ ತನ್ನ ಪಾದಗಳ ಅಂಚಿಗೆ ಒಂದೊಂದೇ ಪಟ್ಟಿ ಅಂಟಿಸತೊಡಗಿದ. ಅವಸರ ಮಾಡಲಿಲ್ಲ. ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದ. ಅವನ ಬಗ್ಗಿದ ಬೆನ್ನಿನ ಮೇಲೆ, ಗಾಳಿಯಲ್ಲಿ, ಓಂಕಾರನ ಕೈ ನಿಂತೇ ಇತ್ತು. ತೋಳು ನೋಯಲು ಸುರುವಾಗಿತ್ತು.